ಎರವಲು ಹಕ್ಕಿಗಳು

"ಏ ಕೊಳಕ್ ಮುಂಡೆ, ಆ ಹಕ್ಕಿ ಮುಟ್ಟಿದ್ರೆ ಜೈಲಿಗೆ ಹೋಗ್ತೀಯ! ವನ್ಯಜೀವಿ ಅದು!"

ಬೇಲಿಯೊಳಗಿನಿಂದ ಮ್ಯಾನೇಜರು ಅರಚಿದ. ತಂತಿಯ ಸಂದಿಯಲ್ಲಿ ಕೈ ತೂರಿಸಿ ಕುಂಟು ಬಾತಿನ ಕತ್ತು ಸವರುತ್ತಿದ್ದ ಬಾತಕ್ಕ ಕೈ ತೆಗೆಯಲಿಲ್ಲ. ಮೊಟ್ಟೆಯೊಡೆದು ಬಂದ ದಿನದಿಂದ ಅವಳ ಒಲೆಯ ಬದಿಯಲ್ಲೇ ಬೆಳೆದ ಬಾತು ಅದು. ಅದೀಗ ವನ್ಯಜೀವಿ ಎಂಬ ಸುದ್ದಿ ಅವಳಿಗೂ ಹೊಸದು, ಬಾತಿಗೂ ಹೊಸದು.

"ನನ್ ಬಾತು ನಾನ್ ಮುಟ್ಟಿದ್ರೆ ಜೈಲಾ? ಒಂದಿನ ಅಂತ ಇಸ್ಕೊಂಡೋರು ನೀವೇ ಅಲ್ವಾ ಸ್ವಾಮಿ?"

ಈ ಬೇಲಿಯೊಳಗೆ ಮೊದಲು ನಿಜವಾದ ಜೌಗಿತ್ತು. ಜೊಂಡಿತ್ತು, ಕಪ್ಪೆಯಿತ್ತು, ಕಿವಿ ತೂತಾಗುವಷ್ಟು ಹಕ್ಕಿಯಿತ್ತು. ಕಂಪನಿಯವರು ಅದರ ಮೇಲೆ ಕಲ್ಲುಮಣ್ಣು ಸುರಿದು ವಿಲ್ಲಾ ಕಟ್ಟಿದರು. ಮೊದಲ ಮಳೆಗೇ ವಿಲ್ಲಾದವರ ಕಾರುಗಳು ತೇಲಿದವು. ಆಗ ಕಂಪನಿಗೆ ಜ್ಞಾನೋದಯವಾಯಿತು: ಮಳೆನೀರು ಇಂಗಲು ಜೌಗು ಬೇಕು, ಜೌಗಿದ್ದರೇನೇ ಎರಡನೆಯ ಹಂತದ ವಿಲ್ಲಾಗಳಿಗೆ ಸರ್ಕಾರದ ಒಪ್ಪಿಗೆ. ಸರಿ, ಮುಚ್ಚಿದ್ದನ್ನೇ ಮತ್ತೆ ತೋಡಿಸಿದರು. ಮುಚ್ಚಲು ಮಣ್ಣು ಹೊತ್ತ ಹೆಂಗಸರೇ ತೋಡಿದ ಮಣ್ಣನ್ನೂ ಹೊತ್ತರು. ಜೊಂಡು ಲಾರಿಯಲ್ಲಿ ಬಂತು, ನೀರು ಟ್ಯಾಂಕರಿನಲ್ಲಿ ಬಂತು. ಒಪ್ಪಿಗೆಗೆ ಬೇಕಾದ ಹಕ್ಕಿಗಳು ಮಾತ್ರ ಬರಲಿಲ್ಲ. ಒಂದು ಕಾಗೆ ಕೂಡ ಇತ್ತ ತಿರುಗಿ ನೋಡಲಿಲ್ಲ.

ಅದಕ್ಕೇ ನಿನ್ನೆ ಮ್ಯಾನೇಜರು ಮೂಗಿಗೆ ಕರ್ಚೀಫು ಒತ್ತಿಕೊಂಡು ಬಾತಕ್ಕನ ಗುಡಿಸಲ ಸಾಲಿಗೆ ಬಂದಿದ್ದ. ಜೌಗು ತುಂಬಿ ಹೆಚ್ಚಾದ ನೀರು ಹೋಗಲು ಕಾಲುವೆ ಬರಬೇಕಿತ್ತು, ಅದರ ಸುಣ್ಣದ ಗೆರೆ ಈ ಸಾಲಿನ ನಡುವೆಯೇ ಹಾದಿತ್ತು. ಕಂಪನಿಯ ನಕ್ಷೆಯಲ್ಲಿ ಇಲ್ಲಿ ಮನೆಗಳೇ ಇರಲಿಲ್ಲ, ನೀಲಿ ಬಣ್ಣವಿತ್ತು.

"ನಾಳೆ ಸರ್ಕಾರದ ಸಾಹೇಬ್ರು ಜೌಗು ನೋಡೋಕೆ ಬರ್ತಾರೆ. ನಿನ್ ಬಾತುಗಳನ್ನ ಒಂದಿನ ನೀರಿಗೆ ಬಿಡು. ಕಾಲುವೇನ ಆ ಕಡೆ ಖಾಲಿ ಜಾಗಕ್ಕೆ ತಿರುಗಿಸ್ತೀನಿ. ಅಮ್ಮನಾಣೆ."

ಒಳಗೆ ಮಲಗಿದ್ದ ಅತ್ತೆ ಅಲ್ಲಿಂದಲೇ ಕೂಗಿದ್ದಳು: "ಯಾರಮ್ಮನ ಆಣೆ ಅಂತ ಕೇಳೇ! ಅವನಮ್ಮಂದೋ, ನಮ್ಮಮ್ಮಂದೋ?"

ಬಾತಕ್ಕ ಕೇಳಲಿಲ್ಲ. ಮನೆ ಉಳಿಯುತ್ತದೆಂಬ ಆಸೆಗೆ ಬಿದ್ದು ಹಿಂಡನ್ನು ತಾನೇ ಹೊಡೆದುಕೊಂಡು ಹೋಗಿ ಬಿಟ್ಟುಬಂದಳು. ಬೆಳಿಗ್ಗೆ ಎದ್ದು ನೋಡಿದರೆ ಗೆರೆ ಇದ್ದಲ್ಲೇ ಇತ್ತು, ಅದರ ಮೇಲೆ ಹೊಸದಾಗಿ ಗೂಟ ಹೊಡೆದಿದ್ದರು. ಒಂದು ಗೂಟ ಅವಳ ಒಲೆಯ ಬೂದಿಯಲ್ಲೇ ನಿಂತಿತ್ತು.

"ಒಲೆಯೊಳಗೆ ಗೂಟ ಹೊಡ್ಸಿದ್ದೀಯಲ್ಲೋ, ಮನುಷ್ಯನಾ ನೀನು?" ಬೇಲಿಯ ಬಳಿ ನಿಂತ ಬಾತಕ್ಕನ ಬಾಯಿಂದ 'ಸ್ವಾಮಿ' ಈಗ ಉದುರಿಹೋಗಿತ್ತು.

"ನಕ್ಷೆ ಪ್ರಕಾರ ನೀನಿರೋದು ನೀರಲ್ಲಿ. ನೀರಲ್ಲಿರೋರಿಗೆ ಒಲೆ ಯಾಕೆ?" ಮ್ಯಾನೇಜರು ತನ್ನ ಜೋಕಿಗೆ ತಾನೇ ನಕ್ಕ. "ಲೇ ವಾಚ್‌ಮನ್, ದಬ್ಬೋ ಇವಳನ್ನ! ಈ ಮೂತಿ ಸಾಹೇಬ್ರ ಕಣ್ಣಿಗೆ ಬೀಳ್ಬಾರ್ದು."

ವಾಚ್‌ಮನ್ ಅವಳ ಮೈದುನನೇ. ಅವನ ಗುಡಿಸಲೂ ಅದೇ ಗೆರೆಯ ಮೇಲಿತ್ತು. ಅಳತೆಗೆ ದೊಡ್ಡದಾದ ಕಂಪನಿ ಬೂಟುಗಳನ್ನು ಎಳೆದುಕೊಂಡು ಬಂದು, "ನಡಿ ಅತ್ತಿಗೆ, ನನ್ ಕೆಲಸ ಹೋಗುತ್ತೆ" ಎಂದು ಗೊಣಗಿದ.

"ಮನೆ ಹೋಗೋದು ಕಾಣ್ಲಿಲ್ವೇನೋ ನಿಂಗೆ, ಕೆಲಸ ಹೋಗೋದು ಕಾಣ್ತಾ?"

ಅವಳು ಬೇಲಿ ಬಿಟ್ಟು ಗೇಟಿನ ಹೊರಗೆ ಮರೆಯಲ್ಲಿ ಹೋಗಿ ನಿಂತಳು.

ಸಾಹೇಬರು ಬಂದರು. ಜೌಗು ನೋಡಲು ಬಂದವರ ಬೂಟಿಗೆ ಕೆಸರು ತಾಗಬಾರದೆಂದು ಗೇಟಿನಿಂದ ದಡದವರೆಗೆ ಕೆಂಪು ಕಾರ್ಪೆಟ್ ಹಾಸಿದ್ದರು. ಶಾಮಿಯಾನದಡಿ ಮೇಜು, ಮೇಜಿನ ಮೇಲೆ ನಕ್ಷೆ, ನಕ್ಷೆ ಹಾರದಂತೆ ನೀಲಿ ಬಣ್ಣದ ಮೇಲೆ ಗೋಡಂಬಿಯ ತಟ್ಟೆ.

"ವಲಸೆ ಹಕ್ಕಿ ಸರ್," ಮ್ಯಾನೇಜರು ಕೈ ಚಾಚಿದ. "ಸಾವಿರಾರು ಮೈಲಿಯಿಂದ ತಾವಾಗೇ ಬಂದಿವೆ."

"ಅದ್ಭುತ," ಎಂದರು ಸಾಹೇಬರು, ಗೋಡಂಬಿಯನ್ನು ನೋಡುತ್ತ. ಪೆನ್ನಿನ ಮುಚ್ಚಳ ತೆಗೆದರು.

ಗೇಟಿನಾಚೆ ಬಾತಕ್ಕ ಬುತ್ತಿಯ ಗಂಟಿನಿಂದ ತಟ್ಟೆ ತೆಗೆದು, ಕೈಗೆ ಸಿಕ್ಕ ಕಲ್ಲಿನಿಂದ ಬಡಿದಳು. ದಿನಾ ಸಂಜೆ ಬಡಿಯುವ ಹಾಗೆಯೇ ಬಡಿದಳು.

"ಬಾ ಬಾ ಬಾ ಬಾ! ಬನ್ರೋ ಮನೆಗೆ!"

ಸಾವಿರಾರು ಮೈಲಿಯಿಂದ ಬಂದ ಹಕ್ಕಿಗಳು ಒಟ್ಟಿಗೆ ಕತ್ತೆತ್ತಿದವು. ಇಡೀ ಹಿಂಡು ದಡ ಹತ್ತಿ, ಕೆಸರುಗಾಲಲ್ಲಿ ಕಾರ್ಪೆಟ್ ತುಳಿಯುತ್ತ, ಗದ್ದಲವೆಬ್ಬಿಸಿಕೊಂಡು ಗೇಟಿನ ಕಡೆ ಹೊರಟಿತು. ಎಲ್ಲಕ್ಕಿಂತ ಹಿಂದಿದ್ದ ಕುಂಟು ಬಾತು ಸಾಹೇಬರ ಬೂಟಿನ ಮೇಲೆ ಹಿಕ್ಕೆ ಹಾಕಿ ಮುಂದೆ ಹೋಯಿತು.

"ಏನ್ರೀ ಇದು?"

"ಜನರ ಜೊತೆ... ಬೇಗ ಹೊಂದ್ಕೊಂಡುಬಿಟ್ಟಿವೆ ಸರ್."

ಸಾಹೇಬರು ಬೂಟನ್ನು ಕಾರ್ಪೆಟ್ಟಿಗೆ ಒರೆಸಿದರು. "ಸಂತೋಷ," ಎಂದು, ಹಕ್ಕಿಗಳು ವನ್ಯಜೀವಿಗಳೆಂದು ಬರೆದಿದ್ದ ಒಪ್ಪಿಗೆ ಪತ್ರಕ್ಕೆ ರುಜು ಹಾಕಿದರು.

"ಗೇಟ್ ಹಾಕೋ ಬೋಳಿಮಗನೆ!" ಮ್ಯಾನೇಜರು ವಾಚ್‌ಮನ್ ಕಡೆ ತಿರುಗಿ ಹಲ್ಲು ಕಡಿದ.

ಮೈದುನ ಗೇಟಿನ ಬಳಿ ಹೋದ. ಬೂಟುಗಳನ್ನು ಕಳಚಿ, ಗೇಟಿನ ಎರಡೂ ಬಾಗಿಲು ಮುಚ್ಚದ ಹಾಗೆ ಒಂದೊಂದಕ್ಕೆ ಒಂದೊಂದು ಒತ್ತುಕೊಟ್ಟು, ಬರಿಗಾಲಲ್ಲಿ ಬಾತುಗಳ ಹಿಂದೆ ನಡೆದ.

ಮಣ್ಣು ತೋಡುವ ಯಂತ್ರ ಗುಡಿಸಲ ಸಾಲಿಗೆ ಬರುವಷ್ಟರಲ್ಲಿ ಸಾಲಿನವರು ಕಿತ್ತ ಗೂಟಗಳೆಲ್ಲ ಅತ್ತೆ ಹಚ್ಚಿದ ಒಲೆ ಸೇರಿದ್ದವು. ಹೆಂಗಸರು ಬಾಗಿಲುಗಳಲ್ಲಿ ನಿಂತಿದ್ದರು. ಬಾತುಗಳು ಸುಣ್ಣದ ಗೆರೆಯುದ್ದಕ್ಕೂ ಕೂತು ರೆಕ್ಕೆ ಒಣಗಿಸಿಕೊಳ್ಳುತ್ತಿದ್ದವು. ಯಂತ್ರದ ಪಕ್ಕದಲ್ಲಿ ಏದುಸಿರು ಬಿಡುತ್ತ ಬಂದ ಮ್ಯಾನೇಜರಿಗೆ ಬಾತಕ್ಕ ಕುಂಟು ಬಾತನ್ನು ಕಂಕುಳಲ್ಲಿಟ್ಟುಕೊಂಡೇ ಅಡ್ಡ ನಿಂತಳು.

"ಮುಟ್ಟಿ ನೋಡು. ಜೈಲಿಗೆ ಹೋಗ್ತೀಯ. ವನ್ಯಜೀವಿ ಇವು, ನಿಮ್ ಸಾಹೇಬ್ರೇ ರುಜು ಹಾಕಿದ್ದಾರೆ."

ಡ್ರೈವರು ಮ್ಯಾನೇಜರ ಮುಖ ನೋಡಿದ. ಇಂಜಿನ್ ಇನ್ನೂ ಆರಿರಲಿಲ್ಲ.