ಹನ್ನೊಂದು ಗಂಟೆಯ ಸಭೆ

ಗೋಡೆಯಿಂದ ಟಿವಿ ಕಳಚುವುದು ಸರವಣಕುಮಾರನಿಗೆ ಸುಲಭವಾಗಲಿಲ್ಲ. ಎರಡು ಸ್ಕ್ರೂ ಬಿಚ್ಚಿಕೊಂಡವು, ಮೂರನೆಯದು ತುಕ್ಕು ಹಿಡಿದು ಹಟ ಮಾಡಿತು. ಮಾವನ ಹೆಣ ಅಂಗಳದ ಚಪ್ಪರದಡಿ ಮಲಗಿದೆ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಉಡುಮಲೈಪೇಟೆಯ ಅರ್ಧ ನೆಂಟರು ಬಂದು ಕೂತಿದ್ದಾರೆ, ಅಳಿಯ ನೋಡಿದರೆ ಒಳಗೆ ಟಿವಿಯ ಜೊತೆ ಗುದ್ದಾಡುತ್ತಿದ್ದಾನೆ. ಕೇಳಿದವರು ಏನೆಂದುಕೊಂಡಾರು? ಆದರೆ ಅತ್ತೆ ಸಾಮಿಯಾತಾಳ್ ಹೇಳಿದ ಮೇಲೆ ಆಯಿತು. ಆಕೆ ಬೆಳಗಿನಿಂದ ಅತ್ತಿರಲಿಲ್ಲ, ಕಾಫಿ ಕುಡಿದಿರಲಿಲ್ಲ, ಆಡಿದ್ದು ಇದೊಂದೇ ಮಾತು. ಟಿವಿಯನ್ನು ಹೊರಗೆ ತಂದು ಅವರ ಕಾಲ ಹತ್ತಿರ ಇಡಿ.

ಸ್ಟೂಲಿನ ಮೇಲೆ ಟಿವಿ ಕೂತದ್ದನ್ನು ಕಂಡು ಬೆಳ್ಳಿಯಪ್ಪ ಎದ್ದು ಬಂದರು. ಸತ್ತವರ ಅಣ್ಣ, ಊರಗೌಡರು, ಎಂಬತ್ತು ದಾಟಿದವರು. ತಮ್ಮ ತಮಗಿಂತ ಮುಂಚೆ ಹೋದದ್ದು ಅವರಿಗೆ ದುಃಖವೂ ಹೌದು, ಒಂದು ಥರದ ಅವಮಾನವೂ ಹೌದು.

"ಇದೇನ್ ಅಮ್ಮಣಿ? ಸಾವಿನ್ ಮನೇಲಿ ಟಿವಿ ಹಾಕೋ ವಳಕ್ಕ ನಮ್ಮಲ್ಲಿ ಎಲ್ಲಾದ್ರೂ ಉಂಟಾ? ಇವತ್ತು ವೆಳ್ಳಿಕಿಳಮೆ, ಸುಕ್ರವಾರ. ಹತ್ತೂವರೆಗೆ ರಾಹುಕಾಲ ಹುಟ್ತದೆ. ಅಷ್ಟ್ರೊಳಗೆ ಎತ್ತಿಬಿಡಾಣ."

"ಹನ್ನೊಂದಕ್ಕೆ ಸಭೆ ಸೇರ್ತದೆ ಬಾವ," ಎಂದರು ಸಾಮಿಯಾತಾಳ್. "ಇವ್ರಿಗೋಸ್ಕರ ಎದ್ದು ನಿಲ್ತಾರೆ. ನಿಂತಾದ್ಮೇಲೆ ಎತ್ತಿ. ಅದಕ್ಕೆ ಮುಂಚೆ ಯಾರೂ ಮುಟ್ಟಬ್ಯಾಡಿ."

"ಯಾರು ನಿಲ್ಲದು? ಎಲ್ಲಿ?" ಗೊತ್ತಿದ್ದೂ ಕೇಳಿದರು ಬೆಳ್ಳಿಯಪ್ಪ.

"ದೆಲ್ಲೀಲಿ. ಪಾರ್ಲಿಮೆಂಟಲ್ಲಿ."

ಬೆಳ್ಳಿಯಪ್ಪ ಸುತ್ತ ನೋಡಿದರು. ಯಾರೂ ನಗಲಿಲ್ಲ. ಈ ಮಾತನ್ನು ಅವರೆಲ್ಲ ಮೂವತ್ತು ವರ್ಷದಿಂದ ಕೇಳುತ್ತ ಬಂದಿದ್ದರು, ಇವತ್ತು ಅದರ ಪರೀಕ್ಷೆ. ತಮಿಳರ ಆಡಿ ತಿಂಗಳ ಗಾಳಿ ಚಪ್ಪರದ ತೆಂಗಿನ ಗರಿಗಳನ್ನು ಎಳೆದಾಡುತ್ತಿತ್ತು. ಪಕ್ಕದ ಬೀದಿಯ ಅಮ್ಮನ ಗುಡಿಯಲ್ಲಿ ಧ್ವನಿವರ್ಧಕ ಹಾಡುತ್ತಿತ್ತು. ಸಾವಿನ ಸುದ್ದಿ ಮುಟ್ಟಿ, ಅದು ಇದ್ದಕ್ಕಿದ್ದಂತೆ ನಿಂತುಹೋಯಿತು.

ಸತ್ತವರ ಹೆಸರು ಚೆನ್ನಿಯಪ್ಪನ್. ಲೋಕಸಭೆಯಲ್ಲಿ ಮೂವತ್ತೊಂದು ವರ್ಷ ಅಟೆಂಡರಾಗಿದ್ದರು. ಈ ಕಡೆಯ ಒಬ್ಬ ಸಂಸದರ ಮನೆಗೆ ಅಡುಗೆಗೆಂದು ದೆಹಲಿಗೆ ಹೋದವರು, ಅಲ್ಲಿಂದ ಸಭೆಯ ಕೆಲಸಕ್ಕೆ ಸೇರಿದರು. ಹೆಂಡತಿ ಇಲ್ಲೇ ಉಳಿದು ಕಡಲೆಕಾಯಿ, ತೆಂಗು ನೋಡಿಕೊಂಡರು. ನಿವೃತ್ತಿಯಾಗಿ ಊರಿಗೆ ಬಂದು ಎಂಟು ವರ್ಷವಾಗಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ನೀರು ಕುಡಿಯಲು ಎದ್ದವರು ಅಡುಗೆಮನೆಯ ಹೊಸ್ತಿಲಲ್ಲೇ ಕುಸಿದಿದ್ದರು.

*

ಆ ಮಾತು ಹುಟ್ಟಿದ್ದು ಬೆಳ್ಳಿಯಪ್ಪನ ದೊಡ್ಡ ಮಗನ ಮದುವೆಯಲ್ಲಿ. ಹೆಣ್ಣಿನ ಕಡೆಯವರಿಗೆ ಬೆಳ್ಳಿಯಪ್ಪ ತಮ್ಮನನ್ನು ಪರಿಚಯ ಮಾಡಿಕೊಟ್ಟರು. "ಇವನು ನನ್ ತಮ್ಮ. ದೆಲ್ಲೀಲಿ ಎಂಪಿಗಳಿಗೆ ತಣ್ಣಿ ಕೊಡ್ತಾನೆ." ನೀರು ಕೊಡುವವನು ಎಂದು ಎಲ್ಲರೂ ನಕ್ಕರು. ಚೆನ್ನಿಯಪ್ಪನ್ ಕೂಡ ನಕ್ಕರು. ನಗದೇ ಇದ್ದವರು ಸಾಮಿಯಾತಾಳ್ ಒಬ್ಬರೇ.

ಮಧ್ಯಾಹ್ನ ಛತ್ರದ ಹಿಂದಿನ ಹುಣಸೆಮರದ ಕೆಳಗೆ ಆಕೆ ಮುಖ ಊದಿಸಿಕೊಂಡು ಕೂತಿದ್ದರು. ಗಂಡ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಅಲ್ಲಿ ಏನೇನ್ ನಡೀತದೆ ಅಂತ ಇವ್ರಿಗೇನ್ ತೆರೀತದೆ," ಎಂದರು. "ದಿನಾ ಹನ್ನೊಂದು ಗಂಟೆಗೆ ಬೆಲ್ಲು. ಸ್ಪೀಕರ್ ಬರ್ತಾರೆ, ಎಲ್ರೂ ಎದ್ದು ಕೈ ಮುಗೀತಾರೆ. ಹಳೇ ಮೆಂಬರ್ ಯಾರಾದ್ರೂ ಸತ್ತಿದ್ರೆ ಅವ್ರ ಹೆಸ್ರು ಓದ್ತಾರೆ. ಆಮೇಲೆ ಸಭೇನೇ ಎದ್ದು ನಿಲ್ತದೆ. ಒಂದು ಸದ್ದಿಲ್ಲ. ಪ್ರಧಾನಮಂತ್ರಿನೂ ನಿಲ್ಲಬೇಕು."

ಸಾಮಿಯಾತಾಳ್ ತಲೆ ಎತ್ತಿದರು. "ನಿಮ್ಗೂ ನಿಲ್ತಾರಾ?"

ಅವರು ವೀಳ್ಯದೆಲೆಗೆ ಸುಣ್ಣ ಹಚ್ಚಿದರು. ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಹಚ್ಚಿದರು. ಹೆಂಡತಿಯ ಮುಖ ಬೆಳಗಿನಿಂದ ಮೊದಲ ಸಲ ಅರಳಿತ್ತು.

"ಅಲ್ಲೇ ಇದ್ದು ಕೆಲ್ಸ ಮಾಡ್ದವ್ರಿಗೆ ನಿಲ್ದೆ ಇರ್ತಾರಾ," ಎಂದುಬಿಟ್ಟರು.

ಆಕೆ ಸೀರೆ ಕೊಡವಿ ಎದ್ದು ನೇರ ಓರಗಿತ್ತಿಯ ಹತ್ತಿರ ಹೋದರು. ಸಂಜೆಯೊಳಗೆ ಛತ್ರದಲ್ಲಿ ಎಲ್ಲರಿಗೂ ಗೊತ್ತಾಯಿತು. ಆ ಮೇಲೆ ಅದನ್ನು ವಾಪಸು ಪಡೆಯಲು ಚೆನ್ನಿಯಪ್ಪನ್‌ಗೆ ಸಮಯವೇ ಸಿಗಲಿಲ್ಲ. ರಜಕ್ಕೆ ಬಂದಾಗಲೆಲ್ಲ ನೆಂಟರು ಕೇಳುವರು, ಆಕೆ ಉತ್ತರ ಕೊಡುವರು, ಇವರು ತೋಟದ ಕಡೆ ನಡೆಯುವರು.

*

ಪೀಳಮೇಡಿನಿಂದ ನಂಜುಂಡಪ್ಪ ಬಂದಾಗ ಒಂಬತ್ತೂವರೆ. ಮೈಸೂರು ಕಡೆಯವರು. ಲೋಕಸಭೆಯಲ್ಲಿ ಚೆನ್ನಿಯಪ್ಪನ್ ಜೊತೆ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರು, ಈಗ ಪೀಳಮೇಡಿನಲ್ಲಿ ಮಗಳ ಮನೆಯಲ್ಲಿದ್ದರು. ಎರಡು ಬಸ್ಸು ಬದಲಿಸಿ ಬಂದು ಸುಸ್ತಾಗಿತ್ತು. ಹಾರ ಹಾಕಿ, ಗೆಳೆಯನ ಹಣೆ ಮುಟ್ಟಿ ಈಚೆ ಬರುತ್ತಿದ್ದಂತೆ ಚೆನ್ನಿಯಪ್ಪನ್ ಮಗಳು ತೆನ್ಮೊಳಿ ಅವರ ತೋಳು ಹಿಡಿದು ಬಾವಿಕಟ್ಟೆಯ ಹತ್ತಿರ ಕರೆದೊಯ್ದಳು.

"ಚಿಕ್ಕಪ್ಪ, ಅಮ್ಮ ಏನ್ ಹೇಳ್ತವ್ರೆ ಕೇಳುದ್ರಾ?"

"ಕೇಳಿದೆನಮ್ಮ."

"ನಿಲ್ತಾರಾ?"

"ಇಲ್ಲಮ್ಮ. ಮೆಂಬರುಗಳಿಗೆ ಮಾತ್ರ. ನಮ್ಮಂಥವರಿಗೆ ಯಾರು ನಿಲ್ತಾರೆ?"

ತೆನ್ಮೊಳಿಗೆ ಅದು ಗೊತ್ತಿತ್ತು. ಆದರೂ ಬೇರೆಯವರ ಬಾಯಲ್ಲಿ ಕೇಳಿದಾಗ ಅಪ್ಪನ ಮೇಲೆ ಸಿಟ್ಟು ಉಕ್ಕಿ ಬಂತು. ಸತ್ತ ದಿನ ಸಿಟ್ಟು ಮಾಡಿಕೊಳ್ಳುವಂತೆ ಆಯಿತಲ್ಲ ಎಂದು ಅಳುವೂ ಬಂತು.

"ದೊಡ್ಡಪ್ಪ ಕಾಯ್ಕೊಂಡು ಕೂತವ್ರೆ. ಹೆಸ್ರು ಬರ್ಲಿಲ್ಲ ಅಂದ್ರೆ ಅಮ್ಮ ಅಷ್ಟು ಜನರ ಮುಂದೆ ತಲೆ ಹೆಂಗ್ ಎತ್ತೋದು? ಇಷ್ಟು ವರ್ಸ ಅದೊಂದೇ ಮಾತು ಹಿಡ್ಕೊಂಡು ಇದ್ರು ಚಿಕ್ಕಪ್ಪ. ನೀವೇ ಏನಾದ್ರೂ ಹೇಳಿ. ಅಲ್ಲಿ ಮಾತಾಡೋ ಹಿಂದಿ ಇಲ್ಲಿ ಯಾರಿಗೂ ಪುರಿಯಲ್ಲ."

ನಂಜುಂಡಪ್ಪನವರಿಗೆ ಅರ್ಥವಾಯಿತು. ಬಸ್ಸಿನಲ್ಲೇ ಅವರು ಇನ್ನೂ ನೌಕರಿಯಲ್ಲಿರುವ ಒಬ್ಬನಿಗೆ ಫೋನು ಮಾಡಿದ್ದರು, ಸುಮ್ಮನೆ, ಗೆಳೆಯ ಹೋದ ಸುದ್ದಿ ಹೇಳಲು. ಇವತ್ತು ಇಬ್ಬರು ಮಾಜಿ ಸದಸ್ಯರಿಗೆ ಸಂತಾಪ ಇದೆಯಂತೆ. ಸಭೆ ಹೇಗೂ ಎದ್ದು ನಿಲ್ಲುತ್ತದೆ. ಇದು ನಮ್ಮ ಚೆನ್ನಣ್ಣನಿಗೆ ಎಂದು ಒಂದು ಮಾತು ಹೇಳಿದರೆ ಮುಗಿಯಿತು.

"ಆಯ್ತಮ್ಮ, ಹೇಳ್ತೀನಿ," ಎಂದರು. ಹೇಳಿದ ಮೇಲೆ ಕೈಕಾಲು ತೊಳೆಯಲು ಬಾವಿಯಿಂದ ನೀರು ಸೇದುವುದಕ್ಕೂ ಅವರಿಗೆ ಮನಸ್ಸಾಗಲಿಲ್ಲ.

*

ಹಳೆಯ ಕಟ್ಟಡದ ಕಾರಿಡಾರಿನಲ್ಲಿ ಮೊದಲ ದಿನ ಕನ್ನಡ ಕಿವಿಗೆ ಬಿದ್ದಾಗ ನಂಜುಂಡಪ್ಪ ತಿರುಗಿ ನೋಡಿದ್ದರು. ಅರ್ಧ ತಮಿಳಿನಲ್ಲಿ ಅದ್ದಿದ ಕನ್ನಡ. ಆಡಲು ಬರುವ, ಓದಲು ಬಾರದ ಕನ್ನಡ. "ನೀವು ಮೈಸೂರಾ? ನಮ್ದೂ ಮನೇಲಿ ಕನ್ನಡಾನೇ ಸಾಮಿ," ಎಂದಿದ್ದರು ಚೆನ್ನಿಯಪ್ಪನ್. ಅಷ್ಟೇ ಸಾಕಾಯಿತು.

ಹತ್ತು ಗಂಟೆಗೆ ಕೆಲಸ ಶುರು. ಸಾಲು ಸಾಲಾಗಿ ಕಾಗದಗಳನ್ನು ಇಡಬೇಕು. ಮಂತ್ರಿಗಳು ಮಂಡಿಸುವ ವರದಿಗಳು ಮೇಜು ಸೇರಬೇಕು. ಸಭೆ ಶುರುವಾದ ಮೇಲೆ ಒಬ್ಬರ ಚೀಟಿ ಇನ್ನೊಬ್ಬರಿಗೆ, ಒಬ್ಬರ ಸಿಟ್ಟು ಇನ್ನೊಬ್ಬರಿಗೆ. ಕೂಗಾಟ ಎದ್ದು, ಹರಿದ ಕಾಗದ ಹಾರಿ, ಸಭೆ ಮುಂದಕ್ಕೆ ಹೋದ ಮೇಲೆ ಅವನ್ನೆಲ್ಲ ಆರಿಸಬೇಕು. ಮತ್ತೆ ಮಧ್ಯಾಹ್ನ ಅದೇ. ಮರುದಿನ ಅದೇ. ಸರ್ಕಾರಗಳು ಬಂದವು, ಹೋದವು, ಆರಿಸುವ ಕಾಗದ ಮಾತ್ರ ಹಾಗೇ ಇತ್ತು.

ಚೆನ್ನಿಯಪ್ಪನ್ ಸದಸ್ಯರನ್ನು ಗುರುತಿಟ್ಟುಕೊಳ್ಳುತ್ತಿದ್ದದ್ದು ಅವರು ಕೇಳುವ ನೀರಿನಿಂದ. ಸಂತಾಪ ಓದಿದ ದಿನ ಎಲ್ಲ ಮುಗಿದ ಮೇಲೆ ನಂಜುಂಡಪ್ಪನ ಕಿವಿಯಲ್ಲಿ ಹೇಳುವರು: "ಪಾವಂ, ಬಿಸಿನೀರಿನವ್ರು. ಬೇಸಗೇಲೂ ಬಿಸಿನೀರೇ ಕೇಳೋರು." ಪತ್ರಿಕೆಯಲ್ಲಿ ಆ ಮನುಷ್ಯನ ಬಗ್ಗೆ ಏನೆಲ್ಲ ಬರುತ್ತಿತ್ತು, ಇದೊಂದು ಬರುತ್ತಿರಲಿಲ್ಲ.

ಒಂದು ದಿನ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತ ಚೆನ್ನಿಯಪ್ಪನ್ ತಾವಾಗಿಯೇ ಬಾಯಿಬಿಟ್ಟರು. "ಹೆಂಡ್ತಿಗೆ ಒಂದು ಪೊಯ್ ಹೇಳ್ಬಿಟ್ಟಿವ್ನಿ ನಂಜುಂಡ. ನಾನು ಸತ್ರೆ ಸಭೆ ಎದ್ದು ನಿಲ್ತದೆ ಅಂತ."

"ಅಯ್ಯೋ ಶಿವನೇ! ನಿಜ ಹೇಳಿಬಿಡಿ ಚೆನ್ನಣ್ಣ."

"ಹೇಳ್ಬೇಕು. ಈ ಸಲ ಊರಿಗ್ ಹೋದಾಗ ಹೇಳ್ತೀನಿ."

ಅದನ್ನು ಅವರು ಪ್ರತಿ ಅಧಿವೇಶನದ ಕೊನೆಗೂ ಹೇಳುತ್ತಿದ್ದರು.

*

ಹತ್ತೂವರೆ ದಾಟಿತು. ಇನ್ನು ಹನ್ನೆರಡರವರೆಗೆ ಎತ್ತುವಂತಿಲ್ಲ. ಬೆಳ್ಳಿಯಪ್ಪ ಕೋಲಿನ ಮೇಲೆ ಗಲ್ಲ ಊರಿ ಕೂತರು. ಸರವಣಕುಮಾರ್ ಚಾನೆಲ್ ಹುಡುಕಿದ. ಖಾಲಿ ಸಭಾಂಗಣ ಕಾಣಿಸಿತು.

"ಇದು ಹೊಸ ಕಟ್ಟಡ," ಎಂದರು ನಂಜುಂಡಪ್ಪ, ಯಾರೂ ಕೇಳದಿದ್ದರೂ. "ನಾವಿದ್ದದ್ದು ಹಳೇದರಲ್ಲಿ."

ಹನ್ನೊಂದಕ್ಕೆ ಸಭಾಧ್ಯಕ್ಷರು ಬಂದರು. ಸದಸ್ಯರು ಎದ್ದು ಕೈಮುಗಿದು ಕೂತರು. ಸಾಮಿಯಾತಾಳ್ ಗಂಡನ ಕಾಲ ಬಳಿ ಬಂದು ಟಿವಿಗೆ ಹತ್ತಿರ ಸರಿದರು. ಸಭಾಧ್ಯಕ್ಷರು ಕಾಗದ ಹಿಡಿದು ನಿಧಾನವಾಗಿ ಓದತೊಡಗಿದರು. ಹಿಂದಿ. ಅಂಗಳದಲ್ಲಿ ನಲವತ್ತು ಜನ ಉಸಿರು ಬಿಗಿಹಿಡಿದು, ಅರ್ಥವಾಗದ ಭಾಷೆಯಲ್ಲಿ ಒಂದು ಹೆಸರಿಗಾಗಿ ಕಾದರು. ಒಂದು ಹೆಸರು ಬಂತು. ಇನ್ನೊಂದು ಬಂತು. ಓದುವುದು ಮುಗಿಯಿತು. ಸಭೆ ಎದ್ದು ನಿಂತಿತು.

ಟಿವಿಯಲ್ಲೂ ಸದ್ದಿಲ್ಲ, ಅಂಗಳದಲ್ಲೂ ಸದ್ದಿಲ್ಲ. ಗಾಳಿಯೊಂದೇ.

ಸಾಮಿಯಾತಾಳ್ ತಿರುಗಿ ನಂಜುಂಡಪ್ಪನ ಮುಖ ನೋಡಿದರು. "ಇವ್ರಿಗಾ ಸಾಮಿ? ಹೆಸ್ರು ಕೇಳ್ಳಿಲ್ವಲ್ಲ."

ಎಲ್ಲರೂ ಅವರನ್ನೇ ನೋಡಿದರು. ತೆನ್ಮೊಳಿ ಕಣ್ಣಲ್ಲೇ ಬೇಡಿಕೊಂಡಳು. ಹೌದು ಅತ್ತಿಗೆ ಎನ್ನಲು ಅವರು ಬಾಯಿ ತೆರೆದರು. ಮೂವತ್ತು ವರ್ಷ ಈ ಹೆಂಗಸು ನಂಬಿದ್ದನ್ನು ಇವತ್ತು ನಾನು ಇನ್ನೊಂದು ಸುಳ್ಳಿನಿಂದ ಮುಚ್ಚಬೇಕಲ್ಲ ಎನಿಸಿ ನಾಚಿಕೆಯಾಯಿತು.

"ಇಲ್ಲ ಅತ್ತಿಗೆ," ಎಂದರು. "ಬೇರೆ ಇಬ್ಬರಿಗೆ. ನಮಗೆ ನಿಲ್ಲೋದಿಲ್ಲ. ಚೆನ್ನಣ್ಣ ನಿಮಗೆ ಹೇಳಬೇಕು ಹೇಳಬೇಕು ಅಂತಿದ್ರು. ಆಗಲಿಲ್ಲ."

ಬೆಳ್ಳಿಯಪ್ಪ ಗೆಲ್ಲಬಹುದಾಗಿತ್ತು, ಗೆಲ್ಲಲು ಮನಸ್ಸಾಗಲಿಲ್ಲ. "ಸರಿ ಅಮ್ಮಣಿ, ಬಿಡು," ಎಂದರು ನೆಲ ನೋಡುತ್ತ. "ಮುಂದಿನ ಕಾರಿಯ ನೋಡಾಣ."

ಸಾಮಿಯಾತಾಳ್ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಟಿವಿಯಲ್ಲಿ ಎಲ್ಲರೂ ಕೂತರು. ಮೊದಲ ಪ್ರಶ್ನೆಯನ್ನು ಕರೆಯುವಷ್ಟರಲ್ಲಿ ಆಗಲೇ ಗಲಾಟೆ ಎದ್ದಿತ್ತು.

"ಅಲ್ಲಿ ಆ ಗೋಡೆ ಹತ್ರ ಇರೋನು ಯಾರು? ಎಲ್ರೂ ಕೂತ್ರು, ಅವನು ಇನ್ನೂ ನಿಂತವ್ನಲ್ಲ?"

"ಅಟೆಂಡರ್ ಅತ್ತಿಗೆ. ನಮ್ಮ ಕೆಲಸದವನು."

"ಕೂರಲ್ವಾ?"

"ಸಭೆ ನಡೀವಾಗ ಒಳಗೆ ನಾವು ಕೂರೋ ಹಾಗಿಲ್ಲ."

"ಇವ್ರೂ ಹಂಗೇನಾ? ಬಾಗ್ಲ ಹತ್ರ ನನ್ ಜಾಗ ಅಂತಿದ್ರು. ಕುರ್ಚಿ ಹಾಕಿರ್ತಾರೆ ಅನ್ಕೊಂಡಿದ್ದೆ."

"ಕುರ್ಚಿ ಇರಲಿಲ್ಲ ಅತ್ತಿಗೆ."

"ಮೂವತ್ತೊಂದು ವರ್ಸಾನೂ?"

ನಂಜುಂಡಪ್ಪ ತಲೆಯಾಡಿಸಿದರು. ಆಗ ಆಕೆ ಅತ್ತರು. ಬೆಳಗಿನಿಂದ ತಡೆದದ್ದೆಲ್ಲ ಒಟ್ಟಿಗೆ ಬಂತು. "ಅಯ್ಯೋ ನನ್ ಸಾಮೀ, ಒಂದು ಮಾತು ಹೇಳ್ಬಾರ್ದಿತ್ತಾ," ಎಂದು ಎದೆ ಬಡಿದುಕೊಂಡು ಅತ್ತರು. ಹೆಂಗಸರು ಬಂದು ತಬ್ಬಿಕೊಂಡರು. ತುಂಬ ಹೊತ್ತಿನ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಬೆಳ್ಳಿಯಪ್ಪನ ಎದುರು ಬಂದು ನಿಂತರು.

"ಬಾವ, ಇವ್ರನ್ನ ಮಲಗ್ಸಿ ತಕ್ಕೊಂಡ್ ಹೋಗ್ಬ್ಯಾಡಿ. ಕೂರ್ಸಿ."

ಆ ವಂಶದಲ್ಲಿ ಕೂರಿಸಿಕೊಂಡು ಹೋಗುವುದು ಊರಗೌಡರನ್ನು ಮಾತ್ರ. ಎರಡು ಬಿದಿರಿನ ನಡುವೆ ಕುರ್ಚಿ ಕಟ್ಟಿ, ಪೇಟ ಸುತ್ತಿ, ಬದುಕಿದ್ದವರಂತೆ. ಉಳಿದವರೆಲ್ಲ ಮಲಗಿಯೇ ಹೋಗುವವರು.

"ಅದೆಂಗ್ ಆಗ್ತದೆ ಅಮ್ಮಣಿ? ನಮ್ಮಪ್ಪನ್ನ ಹಂಗೆ ಕರ್ಕೊಂಡ್ ಹೋದ್ವಿ. ನಾಳೆ ನಂಗೆ. ಇವನು..."

"ನಿಲ್ಲದು ಬ್ಯಾಡ ಬಾವ. ಯಾರೂ ನಿಲ್ಲದು ಬ್ಯಾಡ. ಅವ್ರು ಕೂರ್ಲಿ. ಅಷ್ಟೇ ನಾನ್ ಕೇಳದು."

ಬೆಳ್ಳಿಯಪ್ಪ ತಮ್ಮನ ಕಡೆ ನೋಡಿದರು. ಆಮೇಲೆ ಸ್ನಾನ ಮಾಡಿಸಲು ಬಂದಿದ್ದ ಮುದುಕನನ್ನು ಕರೆದು ಕಾಲು ಬಗ್ಗುತ್ತದೆಯೇ ಎಂದು ಕೇಳಿದರು. ಅವನು ಮೊಣಕಾಲು ಮುಟ್ಟಿ ನೋಡಿದ. "ಸೆಟೆದಿದೆ ಗೌಡ್ರೇ. ಬಿಸಿನೀರು ಜಾಸ್ತಿ ಬೇಕು. ಮೆಲ್ಲಗೆ ಬಗ್ಗಿಸ್ತೀನಿ."

ಯಾರೋ ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎತ್ತಿಕೊಂಡು ಬಂದರು. ಬೆಳ್ಳಿಯಪ್ಪ ಅದನ್ನು ಕೋಲಿನಿಂದ ಪಕ್ಕಕ್ಕೆ ತಳ್ಳಿದರು.

"ಥೂ, ಇದ್ರಲ್ಲಾ? ನಮ್ಮನೆ ಅಟ್ಟದ ಮೇಲೆ ತೇಗಿನ್ ಕುರ್ಚಿ ಅದೆ, ಇಳ್ಸಿ ತಕ್ಕೊಂಡ್ ಬಾ ಮಾಪ್ಳೆ," ಎಂದು ಸರವಣಕುಮಾರನಿಗೆ ಹೇಳಿದರು. "ನಂಗೇ ಅಂತ ಇಟ್ಕೊಂಡಿದ್ದೆ. ಹೋಗ್ಲಿ."

ಟಿವಿಯಲ್ಲಿ ಸಭೆಯನ್ನು ಹನ್ನೆರಡಕ್ಕೆ ಮುಂದೂಡಿದ್ದರು. ತೆನ್ಮೊಳಿ ಟಿವಿ ಆರಿಸಿದಳು.

*

ರಾಹುಕಾಲ ಕಳೆದು ಹತ್ತು ನಿಮಿಷಕ್ಕೆ ತಮಟೆ ಶುರುವಾಯಿತು. ಬೆಳ್ಳಿಯಪ್ಪ ತಮ್ಮ ಕೈಯಾರೆ ತಮ್ಮನಿಗೆ ಪೇಟ ಸುತ್ತಿದರು, ಎದೆಗೆ ಬಿಳಿ ಪಂಚೆ ಹಾಯಿಸಿ ಕುರ್ಚಿಯ ಬೆನ್ನಿಗೆ ಬಿಗಿದರು. ಬಿದಿರುಗಳ ಮುಂದಿನ ತುದಿಗೆ ಸರವಣಕುಮಾರನ ಜೊತೆ ನಂಜುಂಡಪ್ಪನೂ ಹೆಗಲು ಕೊಟ್ಟರು. ನಿಮಗೆ ವಯಸ್ಸಾಗಿದೆ ಎಂದವರ ಮಾತು ಅವರು ಕೇಳಲಿಲ್ಲ.

ಸಾಮಿಯಾತಾಳ್ ಗೇಟಿನವರೆಗೆ ಬಂದರು. ಹೆಂಗಸರು ಅದರಾಚೆ ಹೋಗುವಂತಿರಲಿಲ್ಲ. ಗೇಟಿನಿಂದಲೇ ಕಾಣುವ ಬೀದಿಯ ತಿರುವಿನಲ್ಲಿ ಟೀ ಅಂಗಡಿ. ಬೆಂಚಿನ ಮೇಲೆ ನಾಲ್ಕೈದು ಜನ ಕೂತಿದ್ದರು. ಕುರ್ಚಿ ಹತ್ತಿರ ಬರುತ್ತಿದ್ದಂತೆ ಅವರು ಗ್ಲಾಸು ಕೆಳಗಿಟ್ಟು ಒಬ್ಬೊಬ್ಬರಾಗಿ ಎದ್ದರು. ಲುಂಗಿಯ ಮಡಿಕೆ ಇಳಿಬಿಟ್ಟು ಸುಮ್ಮನೆ ನಿಂತರು. ಟೀ ಮಾಡುವವನು ಒಲೆ ಸಣ್ಣಗೆ ಮಾಡಿ ಹೊರಗೆ ಬಂದು ನಿಂತ. ಎದುರಿನಿಂದ ಬಂದ ಬಸ್ಸು ನಿಂತಿತು. ಚೆನ್ನಿಯಪ್ಪನ್ ಎರಡೂ ಕೈಗಳನ್ನು ಕುರ್ಚಿಯ ತೋಳಿನ ಮೇಲಿಟ್ಟುಕೊಂಡು, ಅವರೆಲ್ಲರ ನಡುವೆ ಕೂತು ಹೋದರು.