ಮುರಿಯದ ಬೀಗ

ಸೈಕಲ್ ಹೋಗಿತ್ತು. ಬೀಗ ಮಾತ್ರ ಉಳಿದಿತ್ತು, ಅದೂ ಎಷ್ಟು ಮರ್ಯಾದೆಯಿಂದ! ದಪ್ಪ ಸರಪಳಿಯನ್ನು ಯಾರೋ ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಬೇವಿನ ಮರದ ಬುಡದಲ್ಲಿ ಇಟ್ಟು ಹೋಗಿದ್ದರು. ಬೆಳಗಿನ ಜಾವ ಮೊಬೈಲ್ ಬೆಳಕು ಹಿಡಿದು ಹೊರಗೆ ಬಂದ ಶಶಿರೇಖಾ ಮರದ ಸುತ್ತ ಒಂದು ಸುತ್ತು ಬಂದಳು, ಅಷ್ಟು ದೊಡ್ಡ ಸೈಕಲ್ಲು ಮರದ ಹಿಂದೆ ಅಡಗಿ ಕೂತಿರುತ್ತದೆ ಎನ್ನುವ ಹಾಗೆ. ಆಮೇಲೆ ಬಾಯಿಗೆ ಬಂದದ್ದನ್ನೆಲ್ಲ ಬೈದಳು. ಕೇಳಿಸಿಕೊಳ್ಳಬೇಕಾದ ಕಳ್ಳ ಅಲ್ಲಿರಲಿಲ್ಲ. ಕೇಳಿಸಿಕೊಂಡದ್ದು ಕೊಟ್ಟಿಗೆಯ ಎಮ್ಮೆ, ಒಳಗೆ ಮಗ್ಗುಲು ಬದಲಾಯಿಸಿದ ಗಂಡ ನಾಗೇಂದ್ರ.

"ಏನಮ್ಮಿ ಅದು ಗಲಾಟೆ?"

"ಸೈಕಲ್ ಕದ್ದುಬುಟ್ಟವ್ರೆ ಕಣಿ!"

"ನೋಡನ ಬುಡು, ಎಲ್ಲೋಯ್ತದೆ," ಎಂದವನೇ ನಾಗೇಂದ್ರ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡ.

ಅವನಿಗೇನು, ನೋಡೋಣ ಎನ್ನುತ್ತಾನೆ. ಸೈಕಲ್ ಇಲ್ಲದಿದ್ದರೆ ಅವಳಿಗೆ ಕೆಲಸವೇ ಇಲ್ಲ. ಗುಂಡ್ಲುಪೇಟೆಯ ಊಟಿ ರಸ್ತೆಯ ಹೋಟೆಲೊಂದರಲ್ಲಿ ಇಡ್ಲಿ ಬೇಯಿಸುವವಳು ಅವಳು. ಕಾಡು ದಾಟಿ ಹೋಗುವ ಕಾರಿನವರು ಬಂಡೀಪುರದ ಗೇಟು ತೆಗೆಯುವ ಮುಂಚೆ ಹೊಟ್ಟೆ ತುಂಬಿಸಿಕೊಳ್ಳಲು ಬಂದು ನಿಲ್ಲುತ್ತಾರೆ. ತೆರಕಣಾಂಬಿ ರಸ್ತೆಯಲ್ಲಿರುವ ಅವಳ ಊರಿಗೆ ಮೊದಲ ಬಸ್ಸು ಬರುವ ಹೊತ್ತಿಗೆ ಅವರೆಲ್ಲ ತಿಂದು, ಕೈ ತೊಳೆದು, ಆನೆ ನೋಡುತ್ತಾ ಹೋಗುತ್ತಿರುತ್ತಾರೆ. ಅದಕ್ಕೇ ಸೈಕಲ್ಲು. ತನ್ನ ಸಂಬಳದಲ್ಲಿ ಕೊಂಡದ್ದು. ಸೀರೆ ಎತ್ತಿ ಕಟ್ಟಿಕೊಂಡು, ಹಲ್ಲು ಕಿಸಿಯುತ್ತಿದ್ದ ಜನರ ಮುಂದೆಯೇ ಬಿದ್ದು ಎದ್ದು ಕಲಿತದ್ದು.

ಅದರ ಮೇಲೆ ಭಾವನ ಕಣ್ಣು ಬಿದ್ದಿತ್ತು. ನಾಗೇಂದ್ರನ ಅಣ್ಣ ಶಿವಣ್ಣ ಮಹಾ ಮರ್ಯಾದಸ್ಥ. ಯಾರ ವಸ್ತುವನ್ನೂ ಕೇಳದೆ ಮುಟ್ಟಿದವನಲ್ಲ, ತಮ್ಮನ ಮನೆಯದ್ದೊಂದನ್ನು ಬಿಟ್ಟು. ಭಾಗವಾಗಿ ಎಷ್ಟೋ ವರ್ಷ ಆಗಿದ್ದರೂ ತಮ್ಮನ ಗುದ್ದಲಿ ಅವನದೇ, ತಮ್ಮನ ಏಣಿ ಅವನದೇ. ಹಾಗೇ ತಮ್ಮನ ಹೆಂಡತಿಯ ಸೈಕಲ್ಲೂ. ಹಿಂದಿನ ಚಕ್ರಕ್ಕಿದ್ದ ರಿಂಗ್ ಬೀಗಕ್ಕೆ ಒಂದು ಒದೆ ಕೊಟ್ಟು ಹುಲ್ಲಿನ ಹೊರೆ ತರಲು ಹೊಲಕ್ಕೆ ಒಯ್ಯುತ್ತಿದ್ದ. ಎರಡು ಸಲ ಅವಳು ಕೆಲಸಕ್ಕೆ ತಡವಾಗಿ ಹೋಗಿ ಹೋಟೆಲ್ ಯಜಮಾನರ ಕೈಲಿ ಉಗಿಸಿಕೊಂಡಿದ್ದಳು.

ಆಗಲೇ ಅವಳು ಗುಂಡ್ಲುಪೇಟೆಯ ಸರ್ದಾರ್ ಅವರ ಸೈಕಲ್ ಅಂಗಡಿಗೆ ಹೋಗಿ ಗಟ್ಟಿ ಬೀಗ ಬೇಕು ಎಂದದ್ದು. ಸರ್ದಾರ್ ಒಂದೊಂದನ್ನೇ ಮೇಜಿನ ಮೇಲಿಟ್ಟಿದ್ದರು. "ರಿಂಗ್ ಬೀಗ ಬರೀ ನೋಡೋಕಮ್ಮ. ಈ ವಯರ್ ಬೀಗ, ಕಟಿಂಗ್ ಪ್ಲೇಯರ್ ಇದ್ದೋನಿಗೆ ದಾರ ಕತ್ತರಿಸಿದಂಗೆ. ಈ ಚೈನ್ ಕೊಯ್ಯಬೇಕು ಅಂದ್ರೆ ಕಳ್ಳ ಊಟ ಕಟ್ಕೊಂಡು ಬರ್ಬೇಕು. ಮರಕ್ಕೆ ಸೇರಿಸಿ ಹಾಕಿ, ಬರೀ ಚಕ್ರಕ್ಕೆ ಹಾಕಿದ್ರೆ ಹೊತ್ಕೊಂಡೇ ಹೋಗ್ತಾರೆ." ಅವಳು ಚೈನನ್ನೇ ತಂದಳು. ಮರಕ್ಕೆ ಸೇರಿಸಿ ಹಾಕಿದಳು. ಅದನ್ನು ಕಂಡ ಶಿವಣ್ಣ, "ಕಳ್ರಿಗಾಕೋ ಬೀಗವ ನಂಗಾಕವ್ಳಲ್ಲ," ಎಂದು ಬೀದಿಗೆಲ್ಲ ಕೇಳುವ ಹಾಗೆ ಗೊಣಗಿ ಅವಳೊಂದಿಗೆ ಮಾತು ಬಿಟ್ಟ. ಪೀಡೆ ತೊಲಗಿತು ಎಂದು ಅವಳು ನೆಮ್ಮದಿಯಾಗಿದ್ದಳು.

ಸೈಕಲ್ ಹೋದ ಆ ಭಾನುವಾರ ಅವಳು ಓಡುತ್ತಾ ನಡೆಯುತ್ತಾ, ನಡುವೆ ಹಾಲಿನ ಗಾಡಿಯವನಿಗೆ ಕೈ ಮುಗಿದು ಹತ್ತಿ, ಹೋಟೆಲ್ ಸೇರುವಷ್ಟರಲ್ಲಿ ಯಜಮಾನರೇ ಒಲೆ ಮುಂದೆ ನಿಂತು ಇಡ್ಲಿ ತಟ್ಟೆ ಇಳಿಸುತ್ತಿದ್ದರು. ಕೈ ಸುಟ್ಟುಕೊಂಡಿದ್ದರು ಬೇರೆ.

"ನಾಳೆ ನೀನು ಬರೋಕೆ ಮುಂಚೆ ನಾನು ಒಲೆ ಹಚ್ಚೋ ಹಂಗಾದ್ರೆ, ಆಮೇಲೆ ನೀನು ಬರೋದೇ ಬ್ಯಾಡ," ಎಂದರು. ಜೋರಾಗಿ ಹೇಳಿದ್ದರೆ ಅವಳು ತಿರುಗಿ ಏನಾದರೂ ಅನ್ನುತ್ತಿದ್ದಳು. ಅವರು ಮೆಲ್ಲಗೇ ಹೇಳಿದ್ದರು.

ತಿಂಡಿಯ ಗದ್ದಲ ಇಳಿದದ್ದೇ ತಡ, ಸೈಕಲ್ ಅಂಗಡಿಗೆ ಹೋಗಿ, ಜೊತೆಗೇ ತಂದಿದ್ದ ಸರಪಳಿಯನ್ನು ಚೀಲದಿಂದ ತೆಗೆದು ಸರ್ದಾರ್ ಅವರ ಮೇಜಿನ ಮೇಲೆ ಬಿಸಾಡಿದಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಇದ್ದರೆ ಇರಲಿ, ಎಲ್ಲರೂ ಕೇಳಲಿ.

"ಊಟ ಕಟ್ಕೊಂಡ್ ಬರ್ಬೇಕು ಅಂದ್ರಲ್ಲ ಭಾಯ್, ಬಂದಿದ್ದ ಕಣಿ ನಿಮ್ ಕಳ್ಳ! ಚೈನ್ ಬುಟ್ಟು ಸೈಕಲ್ ತಕ್ಕೊಂಡೋಗವ್ನೆ. ಬೀಗ ಮಾರೋರೂ ನೀವೇ, ಇನ್ನೊಂದ್ ಕೀ ಮಡಿಕ್ಕಳೋರೂ ನೀವೇನಾ?"

ಸರ್ದಾರ್ ಅವರ ಮುಖ ಕೆಂಪಾಯಿತು. ಗಿರಾಕಿಗಳ ಮುಂದೆ ಅಂಥ ಮಾತು ಕೇಳಿದ ಯಾರಿಗಾದರೂ ಆಗುತ್ತದೆ. ಆದರೂ ಅವರು ಬೀಗವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಒಂದು ಗೀರೂ ಇರಲಿಲ್ಲ.

"ಇದನ್ನ ಯಾರೂ ಒಡೆದಿಲ್ಲಮ್ಮ. ಕೀ ಹಾಕಿ ತೆಗೆದವ್ರೆ. ನಾನು ಎರಡು ಕೀ ಕೊಟ್ಟಿದ್ದೆ, ಎರಡನ್ನೂ ನಿಮ್ಮ ಕೈಗೇ ಕೊಟ್ಟಿದ್ದೆ. ಇನ್ನೊಂದು ಎಲ್ಲಿ?"

ಒಂದು ಅವಳ ಸೊಂಟದಲ್ಲಿತ್ತು. ಇನ್ನೊಂದನ್ನು ಗಂಡನ ಕೈಗೆ ಕೊಟ್ಟು, ಟ್ರಂಕಿನಲ್ಲಿಡಿ ಎಂದಿದ್ದಳು. ಅಂಗಡಿಯಲ್ಲಿ ನಿಂತೇ ನಾಗೇಂದ್ರನಿಗೆ ಫೋನ್ ಮಾಡಿದಳು.

"ಚೈನಿನ ಇನ್ನೊಂದ್ ಕೀ ಎಲ್ಲದೆ?"

"ದೊಡ್ಮನೇಲಿ."

"ಯಾರ್ ಕೊಟ್ಟೋರು?"

"ನಾನೇಯ. ಎಲ್ಲಾ ಬೀಗದ್ದೂ ಅಲ್ಲೇ ತಾನೆ ಇರಾದು?"

ಹೌದು, ಎಲ್ಲ ಬೀಗದ್ದೂ ಅಲ್ಲೇ. ಆ ಮನೆತನದ ಪದ್ಧತಿ ಅದು. ಹೊಸ ಬೀಗ ತಂದರೆ ಒಂದು ಕೀ ತಂದವರದು, ಇನ್ನೊಂದು ದೊಡ್ಡಮನೆಯ, ಅಂದರೆ ಹಿರಿಯಣ್ಣ ಶಿವಣ್ಣನ ಮನೆಯ, ನಡುಮನೆಯ ಮೊಳೆಗೆ. ಕಳೆದುಹೋದರೆ ಇರಲಿ ಅಂತ. ಬಾಗಿಲಿನ ಕೀ, ಟ್ರಂಕಿನ ಕೀ ಎಲ್ಲ ಅಲ್ಲಿ ಗೊಂಚಲಾಗಿ ನೇತಾಡುತ್ತಿದ್ದವು. ಮದುವೆಯಾಗಿ ಬಂದಾಗ ತವರಿನ ಪೆಟ್ಟಿಗೆಯ ಕೀಯನ್ನು ಅವಳೇ ನೇತುಹಾಕಿದ್ದಳು. ಆದರೆ ಯಾರಿಗೆ ಹೆದರಿ ಬೀಗ ತಂದಳೋ ಅವನ ಮೊಳೆಗೇ ಈ ಕೀಯನ್ನೂ ನೇತುಹಾಕುವಷ್ಟು ಬುದ್ಧಿ ಗಂಡನಿಗಿರುತ್ತದೆ ಎಂದು ಅವಳಿಗೆ ಹೊಳೆದಿರಲಿಲ್ಲ.

"ಸೈಕಲ್ ಎಲ್ಲದೆ?" ಎಂದಳು.

"ಅಣ್ಣನ ಮಗ್ಳು ಬೃಂದಂಗೆ ಕಳಿಸುದ್ವಿ ಕಣಮ್ಮಿ. ಚಾಮರಾಜನಗರದಲ್ಲಿ ಗಾರ್ಮೆಂಟ್ಸಿಗೆ ದಿನಾ ನಡ್ಕಂಡೋಯ್ತದಂತೆ ಮಗ. ರಾತ್ರೆ ಗೂಡ್ಸ್ ಆಟೋ ಓಯ್ತಿತ್ತು. ಅಣ್ಣ ಬೀಗ ತಗೀತು, ನಾ ಎತ್ತಿ ಕೊಟ್ಟೆ."

"ನಾ ಮಲಗಿದ್ದಾಗ?"

"ಎಬ್ಬುಸಿದ್ರೆ ನೀ ಕೊಡ್ತಿದ್ಯಾ?"

ಅವಳ ಮೈಯೆಲ್ಲ ಹೊತ್ತಿ ಉರಿಯಿತು. ಬೆಳಗ್ಗೆ ತಾನು ಮರದ ಸುತ್ತ ತಿರುಗುತ್ತಿದ್ದಾಗ ಇವನಿಗೆ ಎಲ್ಲ ಗೊತ್ತಿತ್ತು. ಹಾಲಿನ ಗಾಡಿಯವನಿಗೆ ತಾನು ಕೈ ಮುಗಿಯುತ್ತಿದ್ದಾಗಲೂ ಗೊತ್ತಿತ್ತು. ಗೊತ್ತಿದ್ದೂ ಕಂಬಳಿ ಹೊದ್ದು ಮಲಗಿದ್ದ. ಫೋನ್ ಇಟ್ಟಳು.

"ತಪ್ಪಾಯ್ತು ಭಾಯ್," ಎಂದಳು. ಸರ್ದಾರ್ ಸರಪಳಿಯನ್ನು ಚೀಲಕ್ಕೆ ಹಾಕಿ ಅವಳ ಕಡೆ ತಳ್ಳಿದರು. "ಬೀಗ ಅದರ ಕೆಲಸ ಮಾಡಿದೆ, ತಕ್ಕೊಂಡ್ಹೋಗಿ," ಎಂದರು. ಅವರ ಸಿಟ್ಟು ಇನ್ನೂ ಇಳಿದಿರಲಿಲ್ಲ, ಇಳಿಯಬೇಕಾಗಿಯೂ ಇರಲಿಲ್ಲ.

ಚಾಮರಾಜನಗರದ ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ಏನನ್ನೂ ನೋಡಲಿಲ್ಲ. ಬೃಂದಾಳಿಗೆ ಏನು ಹೇಳಬೇಕು, ಹೇಗೆ ಹೇಳಬೇಕು, ಅವಳ ಅಪ್ಪನನ್ನು ಯಾವ ಯಾವ ಮಾತಿನಲ್ಲಿ ಬೈಯಬೇಕು ಎಂದು ದಾರಿಯುದ್ದಕ್ಕೂ ಮಸೆಯುತ್ತಾ ಕೂತಿದ್ದಳು. ಬೃಂದಾ ಶಿವಣ್ಣನ ಒಬ್ಬಳೇ ಮಗಳು. ಉಮ್ಮತ್ತೂರಿನವರಿಗೆ ಕೊಟ್ಟಿದ್ದರು. ಅವರು ಈಗ ಚಾಮರಾಜನಗರದ ಒಂದು ವಠಾರದಲ್ಲಿ ಬಾಡಿಗೆಗಿದ್ದರು.

ಸೈಕಲ್ಲು ವಠಾರದ ಬಾಗಿಲಲ್ಲೇ ಇತ್ತು. ಹ್ಯಾಂಡಲ್ಲಿಗೆ ಚೆಂಡುಹೂ ಮುಡಿಸಿ, ಮುಂದಿನ ಚಕ್ರಕ್ಕೆ ಅರಿಶಿನ ಕುಂಕುಮ ಇಟ್ಟಿದ್ದರು. ಪಕ್ಕದ ಜಗಲಿಯಲ್ಲಿ ಬೃಂದಾಳ ಅತ್ತೆ ಪುಟ್ಟಸಿದ್ದಮ್ಮ ಎಲೆ ಅಡಿಕೆ ಮೆಲ್ಲುತ್ತಿದ್ದಳು.

"ಚಿಕ್ಕವ್ವ!" ಎಂದು ಬೃಂದಾ ಒಳಗಿನಿಂದ ಓಡಿಬಂದಳು. ಮುಖದಲ್ಲಿ ಅಷ್ಟು ಸಂತೋಷವಿತ್ತು. "ಅಪ್ಪ ಹೇಳ್ತು, ಸೈಕಲ್ಲ ನಂಗೆ ಕೊಡಿ ಅಂತ ನೀವೇ ಅಂದ್ರಂತೆ. ನಂಗೆ ಎಷ್ಟ್ ಆಸರೆಯಾಯ್ತು ಗೊತ್ತಾ?"

"ತವರಿನೋರು ಕೊಟ್ರು ತವರಿನೋರು ಕೊಟ್ರು ಅಂತ ಬೆಳಗಿಂದ ಬೀದಿಗೆಲ್ಲ ತೋರುಸ್ಕಂಡ್ ಬಂದವ್ಳೆ," ಎಂದಳು ಪುಟ್ಟಸಿದ್ದಮ್ಮ.

ಅಲ್ಲಿ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಬೃಂದಾಳನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳಬಹುದಿತ್ತು. ಆದರೆ ಬೆಳಗಿನಿಂದ ಕುದಿಯುತ್ತಿದ್ದದ್ದು ಗುಟ್ಟಾಗಿ ಬರುವ ಹಾಗಿರಲಿಲ್ಲ.

"ನಾ ಕೊಡ್ನಿಲ್ಲ ಕಣಮ್ಮಿ. ನಾ ಮಲಗಿದ್ದಾಗ ಬೀಗ ತಗ್ದು ನಿಮ್ಮಪ್ಪ ಕದ್ದು ಕಳ್ಸವ್ರೆ. ಇವತ್ತು ಇದು ಬರ್ನಿಲ್ಲ ಅಂದ್ರೆ ನಾಳೆ ನನ್ ಕೆಲ್ಸ ಇಲ್ಲ."

ಪುಟ್ಟಸಿದ್ದಮ್ಮ ಎಲೆ ಅಡಿಕೆ ಉಗಿದು ಬಾಯಿ ಖಾಲಿ ಮಾಡಿಕೊಂಡಳು. ಇಂಥದ್ದಕ್ಕೆ ಬಾಯಿ ಖಾಲಿ ಇರಬೇಕಲ್ಲ. "ಓಹೋ, ಕಳ್ಳ ಮಾಲಾ? ನಾನೂ ಅಂದ್ಕೊಂಡೆ, ಇದೇನು ಇದ್ದಕ್ಕಿದ್ದಂಗೆ ಧಾರಾಳ ಬಂತು ಇವ್ರಿಗೆ ಅಂತ," ಎಂದು ವಠಾರಕ್ಕೆಲ್ಲ ಕೇಳುವ ಹಾಗೆ ನಕ್ಕಳು.

ಬೃಂದಾ ಒಳಗೆ ಹೋಗಿ ರಿಂಗ್ ಬೀಗದ ಕೀ ತಂದು ಚಿಕ್ಕವ್ವನ ಕೈಯಲ್ಲಿಟ್ಟಳು. ಹ್ಯಾಂಡಲ್ಲಿನ ಹೂವನ್ನು ತಾನೇ ಕಿತ್ತಳು. ಸೆರಗಿನ ತುದಿಯಿಂದ ಕುಂಕುಮ ಒರೆಸಿದಳು. ಆ ಹುಡುಗಿ ತಲೆ ಎತ್ತಲೇ ಇಲ್ಲ.

"ನಿನ್ ಮ್ಯಾಲೆ ಕ್ವಾಪ ಇಲ್ಲ ಮಗ," ಎಂದಳು ಶಶಿರೇಖಾ.

"ಓಗಿ ಚಿಕ್ಕವ್ವ," ಎಂದಳು ಬೃಂದಾ.

ವಾಪಸು ದಾರಿಯುದ್ದಕ್ಕೂ ಬಿಸಿಲು ನೆತ್ತಿ ಸುಟ್ಟಿತು. ಇಷ್ಟು ದೂರ ಅವಳು ಯಾವತ್ತೂ ತುಳಿದವಳಲ್ಲ. ತೊಡೆ ನೋಯುತ್ತಿತ್ತು, ಗಂಟಲು ಒಣಗಿತ್ತು, ನಿಲ್ಲಲಿಲ್ಲ. ಕದ್ದವನು ಊರಲ್ಲಿ ಬೀಡಿ ಸೇದುತ್ತಾ ಕೂತಿದ್ದಾನೆ, ತಲೆ ತಗ್ಗಿಸಿದ್ದು ಆ ಹುಡುಗಿ. ತಗ್ಗಿಸುವಂತೆ ಮಾಡಿದ ಬಾಯಿ ತನ್ನದು. ಆ ಪಾಪವನ್ನೂ ಭಾವ ತನ್ನ ತಲೆಗೇ ಕಟ್ಟಿದನಲ್ಲ ಎಂದು ನೆನೆದಷ್ಟೂ ಅವಳಿಗೆ ರೋಷ ಉಕ್ಕುತ್ತಿತ್ತು. ಅಳುವೂ ಬಂತು. ಅಳುತ್ತಲೇ ತುಳಿದಳು. ತೆರಕಣಾಂಬಿ ದಾಟುವಾಗ ಗುರುತಿನವರು ಕೂಗಿದರೂ ತಿರುಗಿ ನೋಡಲಿಲ್ಲ.

ಊರು ಸೇರಿದಾಗ ಇನ್ನೂ ಬೆಳಕಿತ್ತು. ಅಣ್ಣತಮ್ಮ ಇಬ್ಬರೂ ದೊಡ್ಡಮನೆಯ ಜಗಲಿಯಲ್ಲಿದ್ದರು. ಅವಳಿಗಿಂತ ಮೊದಲೇ ಪುಟ್ಟಸಿದ್ದಮ್ಮನ ಫೋನ್ ಬಂದಿತ್ತು.

"ಏನವ್ವ," ಶಿವಣ್ಣ ಎದ್ದು ನಿಂತ, "ಮಗಳ ಮನೇಲಿ ನನ್ ಮಾನ ತಗ್ದುಬುಟ್ಟೆಯಂತೆ?"

"ಅಷ್ಟೊಂದು ಮಾನ ಇದ್ರೆ ನನ್ ಸೈಕಲ್ ಮ್ಯಾಲೆ ಯಾಕ್ ಏರುಸ್ ಕಳ್ಸುದ್ರಿ ಭಾವ?"

"ಮನೆಯೋರು ಮುಟ್ಟುದ್ರೆ ಅದು ಕಳ್ತನವಾ? ಒಂದೇ ರಕ್ತದಲ್ಲಿ ಕಳ್ತನ ಅಂತ ಎಲ್ಲಾರ ಉಂಟಾ?"

"ಕೇಳುದ್ರೆ ಕೊಡಾಕಿಲ್ಲ ಅಂತ ಗೊತ್ತಿದ್ದೇ ಮಲಗಿದ್ದಾಗ ತಗದ್ರಲ್ಲ, ಅದ್ಕೆ ಬ್ಯಾರೆ ಹೆಸ್ರು ಇದ್ರೆ ಹೇಳಿ. ಮಗಳಿಗೆ ಸೈಕಲ್ ಬೇಕು ಅನ್ನಾದು ದಿಟ. ಅವ್ಳ ಕಾಲು ನೋಯ್ತದೆ ಅನ್ನಾದೂ ದಿಟ. ಅಪ್ಪ ನೀವು. ಎಮ್ಮೆ ಮಾರಿ ಕೊಡ್ಸಿ, ಸಾಲ ಮಾಡಿ ಕೊಡ್ಸಿ. ನನ್ ಅನ್ನದಿಂದ ಕಿತ್ಕೊಡ್ಬ್ಯಾಡಿ."

ಇಷ್ಟು ವರ್ಷದಲ್ಲಿ ಭಾವನ ಮುಂದೆ ಅವಳು ನಾಲ್ಕು ಮಾತು ಒಟ್ಟಿಗೆ ಆಡಿದವಳಲ್ಲ. ಶಿವಣ್ಣ ತಮ್ಮನ ಮುಖ ನೋಡಿದ, ಹೆಂಡತಿಯನ್ನು ಹದ್ದಿನಲ್ಲಿಡು ಎನ್ನುವ ಹಾಗೆ. ನಾಗೇಂದ್ರ ನೆಲ ನೋಡಿದ. ಅವಳು ನಡುಮನೆಗೆ ಹೋಗಿ ಮೊಳೆಯಿಂದ ಚೈನಿನ ಕೀ ಬಿಚ್ಚಿಕೊಂಡು ಬಂದು, ಸೈಕಲ್ ತಳ್ಳಿಕೊಂಡು ತನ್ನ ಮನೆಯ ಕಡೆ ನಡೆದಳು.

ಹಿಂದೆಯೇ ಬಂದ ಗಂಡ, ಅವಳು ಸರಪಳಿಯನ್ನು ಮರಕ್ಕೂ ಚಕ್ರಕ್ಕೂ ಸೇರಿಸಿ ಬಿಗಿಯುವುದನ್ನು ನೋಡುತ್ತಾ ನಿಂತ. ಅವಳು ಎರಡೂ ಕೀಗಳನ್ನು ಒಂದೇ ದಾರಕ್ಕೆ ಪೋಣಿಸಿ ಕತ್ತಿಗೆ ಹಾಕಿಕೊಂಡಳು.

"ಆಯ್ತು ಬುಡು, ದೊಡ್ಮನೇಲಿ ಬ್ಯಾಡ," ಎಂದು ಅವನು ಕೈ ಚಾಚಿದ. "ಒಂದ್ ನಂತಾವ ಇರ್ಲಿ ಕೊಡು. ಕಳ್ದುಗಿಳ್ದು ಓದ್ರೆ?"

"ಬ್ಯಾಡ."

"ಯಾಕೆ, ನಾನೂ ಕಳ್ಳನಾ ನಿನ್ ಪಾಲಿಗೆ?"

ಶಶಿರೇಖಾ ಗಂಡನ ಮುಖವನ್ನು ನೋಡಿದಳು. ಬೆಳಗಿನಿಂದ ಕುದಿದದ್ದೆಲ್ಲ ಜಗಲಿಯ ಹತ್ತಿರವೇ ಮುಗಿದುಹೋಗಿತ್ತು. ಈಗ ದನಿ ಏರಿಸುವ ಶಕ್ತಿಯೂ ಇರಲಿಲ್ಲ, ಅಗತ್ಯವೂ ಇರಲಿಲ್ಲ.

"ಕಳ್ಳ ಆಗಿದ್ರೆ ಬೀಗ ಒಡೀಬೇಕಾಗಿತ್ತು," ಎಂದಳು. "ನಿಮಗೆ ನಾನೇ ಕೀ ಕೊಟ್ಟಿದ್ನಲ್ಲ."