ಪರಪ್ಪ ಮಾಸ್ತರರ ‘ಹೂಂ’

ಮೂಡಲಗಿಯ ಪರಪ್ಪ ಮಾಸ್ತರರ ಮನೆಯಲ್ಲಿ ಬಾಗಿಲಿಗೆ ಬಂದು ಕೇಳಿದವರಿಗೆ ‘ಇಲ್ಲ’ ಅನ್ನುವ ಪದ್ಧತಿಯೇ ಇಲ್ಲ. ಜಂಗಮರು ಬಂದರೆ ಜೋಳ, ಸೀರೆ ಮಾರುವವ ಬಂದರೂ ಚಹಾ. ಒಳ್ಳೆಯ ಗುಣವೇ, ಯಾರು ಬೇಡ ಅಂದರು? ಆದರೆ ಮಾಸ್ತರರು ಸೊಸೆ ಶೋಭಾಳ ಲ್ಯಾಪ್‌ಟಾಪಿಗೂ ಅದೇ ಮರ್ಯಾದೆ ತೋರಿಸುತ್ತಿದ್ದರು. ‘ಹೊಸ ಡ್ರೈವರ್ ಬಂದಿದೆ, ಹಾಕಲೇ?’ ಎಂದು ಪರದೆಯ ಮೂಲೆಯಲ್ಲಿ ಚೌಕ ಮೂಡಿದರೆ ಸಾಕು, ಅದರಲ್ಲಿ ಪೇಪರ್ ಓದಲು ಕೂತವರು ಕನ್ನಡಕ ಏರಿಸಿಕೊಂಡು ಹೂಂ ಒತ್ತಿಬಿಡುವರು. ವೈಫೈ ನಡೆಸುವ ಆ ಹೊಸ ಸಾಫ್ಟ್‌ವೇರ್ ಬಂದು ಕೂತ ಕೂಡಲೇ ವೈಫೈ ಮಾಯ.

ಗೋಕಾಕದ ಗಫಾರನ ರಿಪೇರಿ ಅಂಗಡಿಗೆ ಶೋಭಾ ಮೂರು ಸಲ ಬಸ್ ಹತ್ತಿದ್ದಳು. “ಹೊಸಾ ಡ್ರೈವರ್ ಈ ಮಷಿನ್‌ಗೆ ಒಗ್ಗೂದಿಲ್ಲ ಅಕ್ಕಾರ. ಹಳೇದನ್ನ ವಾಪಸ್ ಹಾಕೇನಿ. ಮತ್ತ ಕೇಳಿದ್ರ ಬ್ಯಾಡ ಅನ್ರಿ,” ಎಂದು ಅವನು ಮೂರು ಸಲವೂ ಹೇಳಿದ. ಅವನ ಕೈ ನೋಡಿ ನೋಡಿ ಅವಳೂ ಆ ಕೆಲಸ ಕಲಿತಳು. ಮಾವನಿಗೆ ‘ಬ್ಯಾಡ’ ಕಲಿಸಲು ಮಾತ್ರ ಆಗಲಿಲ್ಲ.

“ಪಾಪ, ಕೇಳಾಕತ್ತೈತಿ. ಹೆಂಗ ಬ್ಯಾಡ ಅನ್ನೂದು?”

ಅಂತೂ ಶೋಭಾ ಅರ್ಜಿ ಹಾಕಿದ್ದ ನೌಕರಿಯ ಸಂದರ್ಶನದ ದಿನ ಬಂತು. ಹುಕ್ಕೇರಿಯ ಸಣ್ಣ ಕಂಪನಿ. ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಮಾರುತ್ತಿತ್ತು. ಅದು ಕೆಟ್ಟಾಗ ಫೋನ್ ಮಾಡಿದವರಿಗೆ ಮನೆಯಿಂದಲೇ ದಾರಿ ತೋರಿಸುವ ಕೆಲಸ. ಮನೆ ಬಿಟ್ಟು ಹೊರಗೆ ದುಡಿಯಲು ಗಂಡನ ಮನೆಯವರು ಒಪ್ಪಿರಲಿಲ್ಲ. ಹಾಗಾಗಿ ಶೋಭಾಳ ಪಾಲಿಗೆ ಇದೊಂದೇ ನೌಕರಿ. ಇದು ಕೈತಪ್ಪಿದರೆ ಜೀವನವಿಡೀ ರೊಟ್ಟಿ ಬಡಿಯುವುದೇ ಗತಿ ಎಂದು ಅವಳಿಗೆ ನಿಜಕ್ಕೂ ಹೆದರಿಕೆಯಿತ್ತು.

ಪರದೆಯ ಮೇಲೆ ಕಂಪನಿಯ ಫರೀನ ಮೇಡಂ ಮಾರ್ಕ್ಸ್ ಕಾರ್ಡ್ ಕೇಳಿದರು. ಶೋಭಾ ಒಳಗೆ ಹೋಗಿ ತರುವಷ್ಟರಲ್ಲಿ ಮೇಡಂ ಮಾಯವಾಗಿದ್ದರು. ಲ್ಯಾಪ್‌ಟಾಪ್ ಮಾಸ್ತರರ ತೊಡೆಯ ಮೇಲಿತ್ತು.

“ಕೇಳ್ತವ್ವಾ. ಹೂಂ ಅಂದೆ.”

ಶೋಭಾ ಲ್ಯಾಪ್‌ಟಾಪಿನತ್ತ ಧಾವಿಸಿದಳು. ಕೈ ಚಾಚಿದರೆ ಮಾಸ್ತರರು ಬಿಡಲೊಲ್ಲರು. “ನಾನ ಕೆಡಿಸೇನಿ, ನಾನ ಸರಿ ಮಾಡ್ತೇನಿ!” ಮಾವನ ತೊಡೆ ಮೇಲಿನದನ್ನು ಕಸಿದುಕೊಳ್ಳುವ ಸೊಸೆ ಆ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಅಷ್ಟರಲ್ಲಿ ಫರೀನ ಮೇಡಂ ಫೋನ್ ಬಂತು. “ಒಂದೈದು ಮಿನಿಟ್ ತಡಕೋರಿ ಮೇಡಂ,” ಎಂದವಳು ಫೋನನ್ನು ಕಟ್ ಮಾಡದೆ ಹಾಗೇ ಮಂಚದ ಮೇಲಿಟ್ಟಳು.

“ಮಾವಾರ, ಪರದೆ ಮ್ಯಾಲಿನ ಪಟ್ಟಿಯೊಳಗ ವೈಫೈ ಅಂತ ಇರೂದನ್ನ ಒತ್ರಿ.”

“ಒತ್ತೇನಿ. ಬ್ಯಾರೇನೋ ಬಂತು.”

“ಬರ್ಲಿ ಬಿಡ್ರಿ. ಅದನ್ನ ಮುಚ್ಚಿ ಮತ್ತೊಮ್ಮೆ ನೋಡೂಣು. ಅದಲ್ರಿ, ಅದರ ಕೆಳಗಿಂದು. ಹಾಂ, ಶಾಣ್ಯಾ ಅದೀರಿ.”

ಹನ್ನೊಂದು ನಿಮಿಷ ಹೀಗೇ ನಡೆಯಿತು. ಹಲ್ಲು ಕಚ್ಚಿ ಹಿಡಿದಿದ್ದಳು. ದನಿ ಮಾತ್ರ ಏರಲಿಲ್ಲ. ಕೊನೆಗೆ ‘ಹಳೆಯದನ್ನೇ ಹಾಕಲೇ?’ ಎಂದು ಯಂತ್ರ ಕೇಳಿತು. ಹುಟ್ಟಿದ ಮೇಲೆ ಮೊದಲ ಸಲ ಮಾಸ್ತರರು ಅನುಮಾನಪಟ್ಟರು.

“ಖರೇನ ಒತ್ತಲ್ಯಾ?”

“ಒತ್ರಿ ಮಾವಾರ.”

ವೈಫೈ ಬಂತು. ಮಂಚದ ಮೇಲಿನ ಫೋನಿನಿಂದ ನಗುವೂ ಬಂತು. “ಎಲ್ಲಾ ಕೇಳಿಸ್ಕೊಂಡೇನ್ರಿ,” ಎಂದರು ಫರೀನ ಮೇಡಂ. “ಈ ಕೆಲಸದಾಗ ಮೊದಲಿದ್ದಾಕಿ ಎರಡನೇ ಮಿನಿಟಿಗೇ ಗಿರಾಕಿ ಮ್ಯಾಲೆ ಒದರ್ತಿದ್ಲು. ಮಾರ್ಕ್ಸ್ ಕಾರ್ಡ್ ಇರ್ಲಿ ಬಿಡ್ರಿ, ಸೋಮವಾರದಿಂದ ಕೆಲಸಕ್ಕ ಕೂಡ್ರಿ.”

ಈಗ ಮಾಸ್ತರರು ಕಂಡಕಂಡವರನ್ನು ನಿಲ್ಲಿಸಿ ಹೇಳುತ್ತಾರೆ: “ನಾ ಒತ್ತಿದ್ದಕ್ಕ ನಮ್ಮ ಶೋಭಾಗ ನೌಕರಿ ಸಿಕ್ತು.” ಕೇಳಿದಾಗೆಲ್ಲ ಅವಳ ಮೈ ಉರಿಯುತ್ತದೆ. ಸುಳ್ಳಾಗಿದ್ದರೆ ತಿರುಗಿ ಒಂದು ಮಾತಾದರೂ ಆಡಬಹುದಿತ್ತು.